ಪ್ರತ್ಯವಸ್ಕಂದನ ಶಬ್ದದ ಅರ್ಥವಿಚಾರ

ಎದುರುವಾದವನ್ನೆಲ್ಲ ‘ಖಂಡಿಸು’ ಎಂಬ ಒಂದೇ ಕ್ರಿಯಾಪದದಿಂದ ಹೇಳುವ ರೂಢಿಯು ವ್ಯವಹಾರಶಾಸ್ತ್ರಕ್ಕೆ ಸಮ್ಮತವಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ ಪ್ರತಿವಾದಿಯ ಉತ್ತರವು ಸಂಪ್ರತಿಪತ್ತಿ, ಮಿಥ್ಯಾ, ಪ್ರತ್ಯವಸ್ಕಂದನ, ಪೂರ್ವನ್ಯಾಯ ಎಂದು ನಾಲ್ಕು ವಿಧ. ‘ಸಾಲವನ್ನು ತೆಗೆದುಕೊಂಡೇ ಇಲ್ಲ’ ಎಂಬುದು ಮಿಥ್ಯೋತ್ತರ. ಖಂಡನೆಯೆಂಬ ಹೆಸರು ಸಲ್ಲುವುದು ಇದಕ್ಕೆ. ‘ತೆಗೆದುಕೊಂಡುದು ನಿಜ, ಹಿಂದಿರುಗಿಸಿದ್ದೇನೆ’ ಎಂಬುದು ಪ್ರತ್ಯವಸ್ಕಂದನ. ಧಾತುಪಾಠವು ‘ಸ್ಕಂದ್’ ಧಾತುವಿಗೆ ಗತಿ, ಶೋಷಣ ಎಂದು ಎರಡರ್ಥಗಳನ್ನು ಹೇಳುತ್ತದೆ; ಶೋಷಣವು ಇಲ್ಲಿ ಹೊಂದದು. ಶತ್ರುವಿನ ಪಾಳೆಯದ ಮೇಲೆ ಬೀಳುವುದು ಅವಸ್ಕಂದ. ಅಂತೆಯೇ ಪ್ರತಿವಾದಿಯು ವಾದಿಯ ಮಾತನ್ನು ಕತ್ತರಿಸದೆ, ಒಪ್ಪಿಕೊಂಡೇ ಅದರ ಮೇಲೆ ತಿರುಗಿ ಬೀಳುತ್ತಾನೆ. ಭೇದವು ಕೇವಲ ಶಾಬ್ದಿಕವಲ್ಲ. ಮಿಥ್ಯೆಯಲ್ಲಿ ಪ್ರಮಾಣವನ್ನು ಒದಗಿಸುವ ಹೊಣೆ ವಾದಿಯದು, ಪ್ರತ್ಯವಸ್ಕಂದನದಲ್ಲಿ ಪ್ರತಿವಾದಿಯದು. ಇದನ್ನು ‘ಖಂಡನೆ’ಯೆಂದು ಕನ್ನಡಿಸಿದರೆ ಆ ಹೊಣೆಯೇ ಅದಲುಬದಲಾಗುವುದು. ಸಾಲಗಾರನು ಹಣ ಕೊಟ್ಟಾಗಲೆಲ್ಲ ಪತ್ರದ ಬೆನ್ನಿಗೆ ಅದನ್ನು ಬರೆಯಬೇಕೆಂಬ ಯಾಜ್ಞವಲ್ಕ್ಯನ ವಿಧಿಯ ಪ್ರಯೋಜನವೂ ಇಲ್ಲಿಯೇ ತಿಳಿಯುವುದು.