ಈಜಿಪ್ಟೋ, ನಿಶಾಪುರವೋ?

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೊರಡಲಿರುವ ತರುಣರು ಇಂದು ಮೊದಲು ವಿಚಾರಿಸುವುದು ದೇಶವನ್ನು, ಆಮೇಲೆ ವಿಶ್ವವಿದ್ಯಾನಿಲಯದ ಹೆಸರನ್ನು. ಕಲಿಸುವವರು ಯಾರೆಂಬುದು ಬಹುಮಟ್ಟಿಗೆ ಅಲ್ಲಿಗೆ ತಲುಪಿದ ಮೇಲೆ ತಿಳಿಯುವ ಸಂಗತಿ. ಸಾವಿರ ವರ್ಷಗಳ ಹಿಂದೆ ಬಗ್ದಾದಿನ ವಿದ್ಯಾರ್ಥಿಯೊಬ್ಬರ ಮುಂದೆಯೂ ಎರಡು ಊರುಗಳ ಆಯ್ಕೆಯಿತ್ತು. ಮುಂದೆ ‘ತಾರೀಖ್ ಬಗ್ದಾದ್’ ಎಂಬ ಬೃಹತ್ ಗ್ರಂಥವನ್ನು ರಚಿಸಿದ ಇಮಾಮ್ ಖತೀಬುಲ್ ಬಗ್ದಾದಿ(ರ)ಯವರೇ ಆ ವಿದ್ಯಾರ್ಥಿ.

ಹಿಜರಿ 392ರಲ್ಲಿ (ಕ್ರಿ.ಶ. 1002) ಜನಿಸಿದ ಅವರಿಗೆ ಆಗ ಇಪ್ಪತ್ತಮೂರು ವರ್ಷ. ಬಗ್ದಾದಿನ ಸಮೀಪದ ದರ್ಝೀಜಾನ್ ಎಂಬ ಹಳ್ಳಿಯ ಮಸೀದಿಯಲ್ಲಿ ಖತೀಬರಾಗಿದ್ದ ತಂದೆ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಸ್ವಂತ ಊರಿನ ಗುರುಗಳಿಂದ ಕಲಿತಾಗಿತ್ತು, ಬಸ್ರಾಕ್ಕೂ ಹೋಗಿ ಬಂದಾಗಿತ್ತು. ಇನ್ನು ದೂರದ ಪಯಣ. ಈಜಿಪ್ಟಿನಲ್ಲಿ ಇಬ್ನು ನ್ನಹ್ಹಾಸ್ ಎಂಬ ವಯೋವೃದ್ಧ ಹದೀಸ್ ವಿದ್ವಾಂಸರಿದ್ದರು. ಪೂರ್ವದಿಕ್ಕಿನ ನಿಶಾಪುರದಲ್ಲಿ ಅಬುಲ್ ಅಬ್ಬಾಸ್ ಅಲ್ ಅಸಮ್ಮ್‌ರವರ ಶಿಷ್ಯರಿದ್ದರು.

ಅಸಮ್ಮ್ ಎಂದರೆ ಕಿವುಡ. ಶ್ರವಣಶಕ್ತಿಯನ್ನು ಕಳೆದುಕೊಂಡ ಬಳಿಕವೂ ಹದೀಸ್ ಬೋಧಿಸುತ್ತಲೇ ಇದ್ದು, ಸುಮಾರು ನೂರು ವರ್ಷ ಬಾಳಿ, ಹಿಜರಿ 346ರಲ್ಲಿ ನಿಧನರಾದವರು ಅವರು. ಹದೀಸ್ ವಿದ್ಯೆಯಲ್ಲಿ ಪ್ರವಾದಿ(ಸ)ಯವರವರೆಗಿನ ವರದಿಗಾರರ ಸರಪಳಿ, ಅರ್ಥಾತ್ ಸನದ್, ಎಷ್ಟು ಕಿರಿದೋ ಅಷ್ಟು ಬೆಲೆಯುಳ್ಳದ್ದು. ದೀರ್ಘಾಯುಷಿಯಾದ ಗುರುವಿನ ಕೊನೆಯ ಶಿಷ್ಯರಿಂದ ಕೇಳಿಸಿಕೊಂಡರೆ ಸರಪಳಿಯ ಒಂದೆರಡು ಕೊಂಡಿಗಳು ಕಡಿಮೆಯಾಗುತ್ತವೆ. ಆದರೆ ಆ ಶಿಷ್ಯರೂ ಮುಪ್ಪಿನವರೇ. ತಡಮಾಡಿದರೆ ಆ ಸನದ್ ಜೀವಮಾನದಲ್ಲಿ ಮತ್ತೆ ಕೈಗೆ ಸಿಗುವಂತಿರಲಿಲ್ಲ.

ಖತೀಬರು ತಮ್ಮ ಗುರು ಬರ್ಖಾನಿ(ರ)ಯವರ ಸಲಹೆ ಕೇಳಿದರು. ಸ್ವತಃ ಖ್ವಾರಿಝ್ಮಿನಿಂದ ಬಂದು ಬಗ್ದಾದಿನಲ್ಲಿ ನೆಲೆಸಿದ್ದ ಬರ್ಖಾನಿಯವರು ಪರಸ್ಥಳದ ವಿದ್ಯಾಭ್ಯಾಸದ ಸುಖದುಃಖ ಬಲ್ಲವರು. ಅವರು ಯಾವ ಊರನ್ನೂ ಹೊಗಳಲಿಲ್ಲ. ಈಜಿಪ್ಟಿಗೆ ಹೋದರೆ ನೀನು ಒಬ್ಬ ವ್ಯಕ್ತಿಗಾಗಿ ಹೋಗುವೆ, ಅವರು ಸಿಗದಿದ್ದರೆ ಪಯಣವೇ ವ್ಯರ್ಥ. ನಿಶಾಪುರದಲ್ಲಾದರೆ ಒಂದು ಸಮೂಹವೇ ಇದೆ, ಒಬ್ಬರು ತಪ್ಪಿದರೂ ಉಳಿದವರು ಸಿಗುವರು ಎಂಬ ಅರ್ಥದಲ್ಲಿ ಲೆಕ್ಕ ಹಾಕಿ ತೋರಿಸಿದರು. ವ್ಯಾಪಾರಿಯ ಲೆಕ್ಕಾಚಾರದಂತೆ ಕಂಡರೂ, ಸಾಧಾರಣ ಸ್ಥಿತಿಯ ಶಿಷ್ಯನ ಮೇಲಿನ ವಾತ್ಸಲ್ಯ ಅದರಲ್ಲಿದೆ ಎಂದೇ ನನ್ನ ಭಾವನೆ. ತಿಂಗಳುಗಟ್ಟಲೆಯ ಪಯಣವನ್ನು ಎರಡು ಬಾರಿ ಕೈಗೊಳ್ಳುವ ಅನುಕೂಲ ಎಲ್ಲರಿಗೂ ಎಲ್ಲಿಯದು?

ಹಿಜರಿ 415ರಲ್ಲಿ ಖತೀಬರು ನಿಶಾಪುರಕ್ಕೆ ಹೊರಟರು. ಅಲ್ಲಿ ಅಸಮ್ಮ್‌ರ ಶಿಷ್ಯರಾದ ಖಾಝಿ ಅಬೂಬಕರ್ ಅಲ್ ಹೀರಿ ಮತ್ತು ಅಬೂ ಸಈದ್ ಅಸ್ಸೈರಫಿಯವರಿಂದ ಹದೀಸ್ ಆಲಿಸಿದರು. ಇವರಿಬ್ಬರೂ ತೀರಿಕೊಂಡದ್ದು ಹಿಜರಿ 421ರಲ್ಲಿ. ಈಜಿಪ್ಟಿನ ಇಬ್ನು ನ್ನಹ್ಹಾಸ್ ಮಾತ್ರ 416ರಲ್ಲೇ, ಅಂದರೆ ಖತೀಬರು ಹೊರಟ ಮರುವರ್ಷವೇ, ಇಹಲೋಕ ತ್ಯಜಿಸಿದರು.

ಒಬ್ಬರಿಗಾಗಿ ಹೋಗಲೇಬಾರದು ಎಂಬುದು ಬರ್ಖಾನಿಯವರ ನಿಯಮವಾಗಿರಲಿಲ್ಲ. ಮುಂದೆ ಖತೀಬರು ಇಸ್ಫಹಾನಿಗೆ ಹೊರಟಾಗ, ಅಲ್ಲಿನ ಮಹಾನ್ ವಿದ್ವಾಂಸ ಅಬೂ ನುಐಮ್(ರ)ರವರಿಗೆ ಶಿಷ್ಯನನ್ನು ಪರಿಚಯಿಸಿ ಪತ್ರ ಬರೆದುಕೊಟ್ಟವರು ಇದೇ ಬರ್ಖಾನಿ.

ಪಯಣದ ಬಗ್ಗೆ ಖತೀಬರು ತಮ್ಮದೇ ಗ್ರಂಥದಲ್ಲಿ ಬರೆದಿಟ್ಟ ಅಭಿಪ್ರಾಯವೂ ಇಷ್ಟೇ ನಿಷ್ಠುರ. ಪಯಣದ ಉದ್ದೇಶ ಎರಡು: ಉನ್ನತ ಸನದ್ ಮತ್ತು ಪ್ರೌಢ ವಿದ್ವಾಂಸರೊಂದಿಗಿನ ಚರ್ಚೆ. ಇವೆರಡೂ ತನ್ನ ಊರಿನಲ್ಲೇ ಇದ್ದು ಬೇರೆಡೆ ಇಲ್ಲವಾದರೆ ಹೊರಡುವುದರಿಂದ ಫಲವಿಲ್ಲ ಎನ್ನುತ್ತಾರೆ. ಹಿಜರಿ 423ರಲ್ಲಿ ನಿಶಾಪುರದ ಅಂಧ ವಿದ್ವಾಂಸ ಇಸ್ಮಾಈಲ್ ಅಲ್ ಹೀರಿಯವರು ಹಜ್ಜಿಗೆಂದು ಹೊರಟು ಬಗ್ದಾದಿಗೆ ಬಂದರು. ದಾರಿ ಅಪಾಯಕರವಾಗಿ ಯಾತ್ರೆ ನಿಂತುಹೋಯಿತು. ಆ ಸಂದರ್ಭದಲ್ಲಿ ಖತೀಬರು ಅವರ ಮುಂದೆ ಕುಳಿತು, ಸಹೀಹುಲ್ ಬುಖಾರಿಯನ್ನು ಆದ್ಯಂತ ಮೂರೇ ಬೈಠಕುಗಳಲ್ಲಿ ಓದಿ ಮುಗಿಸಿದರು.