ತಂತಿಯಲ್ಲಿ ನಿಂತ ಅಲೆ: ರೇಡಿಯೊ ಶಕ್ತಿಯ ಹಾದಿಯನ್ನು ಅಳೆದ ಚರಿತ್ರೆ

ಬೀದರ ಜಿಲ್ಲೆಯ ಡಾಬಕಾ, ಔರಾದ, ಭಾಲ್ಕಿ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ಡೆಕ್ಕನ್ ರೇಡಿಯೊವನ್ನು ನಿಜಾಮ ಸರ್ಕಾರ 1935ರಲ್ಲಿ 200 ವ್ಯಾಟ್ ಟ್ರಾನ್ಸ್‌ಮಿಟರಿನೊಂದಿಗೆ ವಹಿಸಿಕೊಂಡಿತು. 1939ರಲ್ಲಿ ಸರೂರನಗರದಲ್ಲಿ 5 ಕಿಲೊವ್ಯಾಟಿನದು ಬಂತು. ಅದರ ತರಂಗದ ಉದ್ದ 411 ಮೀಟರ್. ಬಾನುಲಿಯ ಚರಿತ್ರೆಯಲ್ಲಿ ಹಾಡು, ಭಾಷೆ, ಕಲಾವಿದರಿಗೆ ಜಾಗವಿದೆ. ಟ್ರಾನ್ಸ್‌ಮಿಟರಿನಿಂದ ಏರಿಯಲ್‌ಗೆ ಶಕ್ತಿ ಒಯ್ಯುವ ತಂತಿಗೂ ಅಷ್ಟೇ ಜಾಗ ಸಲ್ಲಬೇಕು.

ಆ ತಂತಿಯ ಕಥೆ ಶ್ರುತಿ ಕೂಡುವುದರಿಂದ ಶುರುವಾಗುತ್ತದೆ. ನಾಗರ ಪಂಚಮಿಯಲ್ಲಿ ಒಂದೇ ಕೊಂಬೆಗೆ ಎರಡು ಜೋಕಾಲಿ ಕಟ್ಟಿ ಒಂದನ್ನು ಜೀಕಿದರೆ ಇನ್ನೊಂದೂ ಅಲುಗುತ್ತದೆ. ಹಗ್ಗದ ಉದ್ದ ಸಮವಿದ್ದರೆ ಆ ತೂಗಾಟ ಬೆಳೆಯುತ್ತದೆ. 1889ರಲ್ಲಿ ಆಲಿವರ್ ಲಾಡ್ಜ್ ವಿದ್ಯುತ್ ಕೂಡಿಡುವ ಲೇಡನ್ ಜಾಡಿಗಳಿಂದ ತೋರಿಸಿದ್ದು ಇದನ್ನೇ. ಒಂದು ವಿದ್ಯುತ್ ಮಂಡಲದಲ್ಲಿ ಕಿಡಿ ಹಾರಿದಾಗ, ಅದಕ್ಕೆ ಶ್ರುತಿ ಕೂಡಿಸಿದ ಇನ್ನೊಂದರಲ್ಲೂ ಹಾರಿತು.

ಅದಕ್ಕೂ ಒಂದು ವರ್ಷ ಮೊದಲು ಹೈನ್‌ರಿಶ್ ಹರ್ಟ್ಸ್ ಸತುವಿನ ತಗಡಿಗೆ ರೇಡಿಯೊ ಅಲೆಯನ್ನು ಬಡಿಸಿ, ಹೋಗುವ ಅಲೆಯೂ ಮರಳುವ ಅಲೆಯೂ ಕೂಡಿ ಕೋಣೆಯಲ್ಲಿ ನಿಲ್ಲುವಂತೆ ಮಾಡಿದ್ದರು. ಅಲೆ ಅಡಗುವ ಎರಡು ನಿಸ್ಪಂದಗಳ ನಡುವೆ ಅವರು ಕಂಡ ಅರ್ಧ ತರಂಗ 4.8 ಮೀಟರ್. 1890ರಲ್ಲಿ ಅರ್ನ್ಸ್ಟ್ ಲೆಚರ್ ಅದೇ ಅಲೆಯನ್ನು ಎರಡು ಸಮಾಂತರ ತಂತಿಗಳಿಗೆ ಇಳಿಸಿದರು. ಹೀಗೆ ನಿಂತ ಅಲೆ, ಅಂದರೆ ಸ್ಥಾಯಿ ತರಂಗ, ಮೊದಲು ಬಂದದ್ದು ಅಳತೆಗೋಲಾಗಿ. ದೋಷವೆಂಬ ಹೆಸರು ಅದಕ್ಕೆ ಅಂಟಿದ್ದು ಆಮೇಲೆ.

ತಂತಿಗೂ ಏರಿಯಲ್‌ಗೂ ಇಂಪೀಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಹೊಂದದಿದ್ದರೆ ಶಕ್ತಿಯ ಒಂದು ಪಾಲು ಹಿಂದಿರುಗುತ್ತದೆ. ಸ್ಥಾಯಿ ತರಂಗದ ಅನುಪಾತ (ತಂತಿಯಲ್ಲಿ ವೋಲ್ಟೇಜಿನ ಗರಿಷ್ಠ ಕನಿಷ್ಠದ ಎಷ್ಟು ಪಟ್ಟು ಎಂಬುದು) 3 ಇದ್ದರೆ ಆ ಪಾಲು ಕಾಲುಭಾಗ. ಹಿಂದಿರುಗಿದ್ದೆಲ್ಲ ಹಾಳಾಯಿತು ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಮೂಲದ ಬಳಿಯ ಹೊಂದಾಣಿಕೆ ಮಂಡಲ ಅದನ್ನು ಮತ್ತೆ ಏರಿಯಲ್ ಕಡೆಗೇ ತಿರುಗಿಸಬಲ್ಲದು. ಹೋಗಿಬರುವಾಗ ತಂತಿ ಬಿಸಿಯಾದಷ್ಟೇ ನಷ್ಟ. ಹೆಚ್ಚಿನ ಅಪಾಯವಿರುವುದು ವೋಲ್ಟೇಜ್ ಏರುವ ಪ್ರಸ್ಪಂದಗಳಲ್ಲಿ.

411 ಮೀಟರ್ ತರಂಗದಲ್ಲಿ ಒಂದು ನಿಸ್ಪಂದದಿಂದ ಮುಂದಿನದಕ್ಕೆ 205 ಮೀಟರ್, ಒಂದು ಹೊಲದಷ್ಟು ದೂರ. ಸೆಂಟಿಮೀಟರ್ ಉದ್ದದ ಮೈಕ್ರೋವೇವ್‌ಗಾದರೆ ಮೇಜೇ ಸಾಕು. ಕನ್ನಡ ನಾಡಿನಲ್ಲಿ ಸ್ಥಾಯಿ ತರಂಗವನ್ನು ಹೀಗೆ ಮೇಜಿನ ಮೇಲೆ ಅಳೆಯುವ ವಿದ್ಯೆ ಬೇರೂರಲು ದುಡಿದವರಲ್ಲಿ ರಾಜೇಶ್ವರಿ ಚಟರ್ಜಿ ಪ್ರಮುಖರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಅಮೆರಿಕದಲ್ಲಿದ್ದಾಗಲೇ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನ ರೇಡಿಯೊ ಮಾಪನ ವಿಭಾಗದಲ್ಲಿ ಎಂಟು ತಿಂಗಳು ಪಳಗಿದ್ದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. 3 ಸೆಂ.ಮೀ. ತರಂಗ ಲೋಹದ ನಾಳದೊಳಗೆ ತುಸು ಹಿಗ್ಗುತ್ತದೆ, ನಿಸ್ಪಂದಗಳು ಸುಮಾರು 2 ಸೆಂ.ಮೀ.ಗೊಂದು ಬೀಳುತ್ತವೆ. ನಾಳದ ಸೀಳಿನಲ್ಲಿ ಶೋಧಕವನ್ನು ಸರಿಸುತ್ತ ವಿದ್ಯಾರ್ಥಿ ಅವನ್ನು ಎಣಿಸಬಹುದು.

1970ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಎದ್ದ ರೇಡಿಯೊ ದೂರದರ್ಶಕದಲ್ಲಿ ಹೊಂದಾಣಿಕೆಯ ಪ್ರಶ್ನೆ ಸಾವಿರ ಪಟ್ಟು ಎದುರಾಯಿತು. ಪೂರ್ವ–ಪಶ್ಚಿಮ ತೋಳಿನಲ್ಲಿ 640, ದಕ್ಷಿಣದ ತೋಳಿನಲ್ಲಿ 360 ಡೈಪೋಲ್ ಏರಿಯಲ್‌ಗಳು. ಎಲ್ಲದರ ಸಂಕೇತವೂ ಕವಲು ಕವಲಾಗಿ ಕೂಡುತ್ತ ಬರಬೇಕು, ಒಂದೊಂದು ಕೂಡಿನಲ್ಲೂ ಅಲೆ ಹಿಂದೆ ಪುಟಿಯದಂತೆ ಕಾಯಬೇಕು. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್, 8.7 ಮೀಟರ್ ತರಂಗವನ್ನು. ಹರ್ಟ್ಸ್ ತಮ್ಮ ಕೋಣೆಯಲ್ಲಿ ನಿಲ್ಲಿಸಿದ ಅಲೆಗಿಂತ ಒಂದು ಮೀಟರಿನಷ್ಟೇ ಗಿಡ್ಡ.