ತೇಲುವ ಸೆರೆಮನೆಗಳು

ಸಮುದ್ರಯಾನಕ್ಕೂ ಯುದ್ಧಕ್ಕೂ ಒದಗದಷ್ಟು ಹಳತಾದ ಹಡಗುಗಳ ಪಟ, ಕೂವೆಮರ, ಫಿರಂಗಿಗಳನ್ನು ಕಳಚಿ, ನದೀಮುಖದಲ್ಲೋ ಬಂದರಿನಲ್ಲೋ ಲಂಗರು ಹಾಕಿ, ಒಳಗೆ ಕೈದಿಗಳನ್ನು ತುಂಬಿ ಬಳಸಿದ ಸೆರೆಮನೆಗಳು. ಇಂಥ ಬರಿಯ ಒಡಲನ್ನು ಇಂಗ್ಲಿಷರು ಹಲ್ಕ್ ಎಂದು ಕರೆದರು. ಇದನ್ನು ಅತಿ ಹೆಚ್ಚು ಬಳಸಿದ ದೇಶ ಬ್ರಿಟನ್. ಎರಡು ವರ್ಷಗಳ ಮಟ್ಟಿಗೆಂದು ಅದು ಮಾಡಿದ ಏರ್ಪಾಡು ಇಂಗ್ಲೆಂಡಿನಲ್ಲಿ 81 ವರ್ಷ ನಡೆಯಿತು.

ಮೊದಲು ಬ್ರಿಟನ್ ತನ್ನ ಅಪರಾಧಿಗಳನ್ನು ಅಮೆರಿಕದ ಮೇರಿಲ್ಯಾಂಡ್, ವರ್ಜೀನಿಯಾ ವಸಾಹತುಗಳಿಗೆ ಗಡೀಪಾರು ಮಾಡುತ್ತಿತ್ತು. ಅಲ್ಲಿ ಸ್ವಾತಂತ್ರ್ಯ ಯುದ್ಧ ಹೊತ್ತಿಕೊಂಡಾಗ ಆ ದಾರಿ ಮುಚ್ಚಿತು, ಊರಿನ ಜೈಲುಗಳು ತುಂಬಿ ತುಳುಕಿದವು. 1776ರಲ್ಲಿ ಪಾರ್ಲಿಮೆಂಟು ಹಡಗುಗಳಲ್ಲಿ ಕೈದಿಗಳನ್ನಿಡಲು ಅನುಮತಿಸುವ ಕಾಯಿದೆ ಮಾಡಿತು. ಗುತ್ತಿಗೆ ಸಿಕ್ಕಿದ್ದು ಡಂಕನ್ ಕ್ಯಾಂಪ್‌ಬೆಲ್‌ಗೆ. ಅಮೆರಿಕಕ್ಕೆ ಕೈದಿಗಳನ್ನು ಸಾಗಿಸಿ ಹಣ ಗಳಿಸಿದ್ದವನೂ ಅವನೇ. ಲಂಡನ್ನಿಗೆ ಹತ್ತಿರದ ವುಲ್ವಿಚ್‌ನಲ್ಲಿ ಥೇಮ್ಸ್ ನದಿಯ ಮೇಲೆ ಅವನ ಜಸ್ಟೀಷಿಯಾ ನಿಂತಿತು. ನ್ಯಾಯ ಎಂಬರ್ಥದ ಹೆಸರು ಅದು. ಕೈದಿಗಳು ಹಗಲೆಲ್ಲ ಕಾಲಿಗೆ ಬೇಡಿ ತೊಟ್ಟು ನದಿಯ ಹೂಳೆತ್ತಬೇಕು, ದಂಡೆಯ ಶಸ್ತ್ರಾಗಾರಕ್ಕೆ ಕಟ್ಟಡ ಕೆಲಸ ಮಾಡಬೇಕು. ಕತ್ತಲಾದ ಮೇಲೆ ಗಾಳಿಯಾಡದ ಹಡಗಿನ ಹೊಟ್ಟೆಗೆ ಇಳಿಯಬೇಕು. 1776ರ ಆಗಸ್ಟಿನಿಂದ 1778ರ ಮಾರ್ಚಿನವರೆಗೆ ಅಲ್ಲಿದ್ದ 632 ಜನರಲ್ಲಿ 176 ಮಂದಿ ಸತ್ತರು. ಕಳ್ಳತನಕ್ಕೆ ಕೆಲವು ವರ್ಷಗಳ ಶಿಕ್ಷೆ ಪಡೆದವನಿಗೂ ಅದು ಮರಣದಂಡನೆಯೇ ಆಗಬಹುದಿತ್ತು. ಸೆರೆಮನೆ ಸುಧಾರಕ ಜಾನ್ ಹೊವಾರ್ಡ್ ಹಡಗಿಗೆ ಹೋಗಿ ಕಂಡದ್ದನ್ನು ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಳಿದ. ಊಟ, ವೈದ್ಯೋಪಚಾರ ಒಂದಿಷ್ಟು ಸುಧಾರಿಸಿದವು. ಹಡಗುಗಳು ಮಾತ್ರ ಹೋಗಲಿಲ್ಲ. 1787ರಲ್ಲಿ ಆಸ್ಟ್ರೇಲಿಯಕ್ಕೆ ಹೊರಟ ಮೊದಲ ನೌಕಾಸಮೂಹದ ಅನೇಕ ಕೈದಿಗಳು ಹಲ್ಕ್‌ಗಳಿಂದಲೇ ಬಂದವರು. ಗಡೀಪಾರು ಮತ್ತೆ ಶುರುವಾದ ಮೇಲೆ ಹಲ್ಕ್‌ಗಳ ಅಗತ್ಯ ಮುಗಿಯಬೇಕಿತ್ತು. ಆದರೆ ನೆಲದ ಮೇಲೆ ಜೈಲು ಕಟ್ಟಲು ಹಣ ಬೇಕು, ಜಾಗ ಬೇಕು. ಹಳೆಯ ಹಡಗು ಸುಮ್ಮನೆ ಬಿದ್ದಿರುತ್ತಿತ್ತು.

ಅತ್ಯಂತ ಘೋರವಾದ ಅಧ್ಯಾಯ ನಡೆದದ್ದು ಅಮೆರಿಕದ ಅದೇ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ನ್ಯೂಯಾರ್ಕಿನಲ್ಲಿ. 1736ರಲ್ಲಿ ನೀರಿಗಿಳಿದಿದ್ದ ಜರ್ಸಿ ಎಂಬ ಯುದ್ಧನೌಕೆಯನ್ನು ಬ್ರಿಟಿಷರು ಬ್ರೂಕ್ಲಿನ್ ದಡದ ವಾಲಬೌಟ್ ಕೊಲ್ಲಿಯಲ್ಲಿ ನಿಲ್ಲಿಸಿ, ಸೆರೆಸಿಕ್ಕ ಅಮೆರಿಕನ್ ನಾವಿಕರನ್ನು ಅದರೊಳಗೆ ಒತ್ತೊತ್ತಾಗಿ ತುಂಬಿದರು. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಹುಳ ಹಿಡಿದ ಬಿಸ್ಕತ್ತು, ಕೊಳೆತ ಮಾಂಸ, ಸಿಡುಬು, ಭೇದಿ, ಜೈಲುಜ್ವರ. ಬೆಳಗಾದರೆ ರಾತ್ರಿ ಸತ್ತವರನ್ನು ಮೇಲಕ್ಕೆ ತರಬೇಕೆಂಬ ಕೂಗು. ಹೆಣಗಳನ್ನು ದಡದ ಮರಳಲ್ಲಿ ಮೇಲುಮೇಲೆ ಹೂಳುತ್ತಿದ್ದರು. ಬ್ರಿಟಿಷ್ ನೌಕಾಪಡೆಗೆ ಸೇರಲು ಒಪ್ಪಿದರೆ ಬಿಡುಗಡೆ ಇತ್ತು. ಒಪ್ಪಿದವರು ಕೆಲವರೇ ಎಂಬುದನ್ನು ಮರೆಯಬಾರದು. ಆ ಕೊಲ್ಲಿಯ ಸೆರೆಹಡಗುಗಳಲ್ಲಿ ಸತ್ತವರು ಸುಮಾರು 11,500 ಎಂಬ ಅಂದಾಜು ಪ್ರಚಲಿತವಾಗಿದೆ. ದಡ ಕೊರೆದಂತೆಲ್ಲ ಎಷ್ಟೋ ವರ್ಷ ಮೂಳೆಗಳು ಮೇಲೆ ಬರುತ್ತಿದ್ದವು. 1908ರಲ್ಲಿ ಫೋರ್ಟ್ ಗ್ರೀನ್ ಉದ್ಯಾನದಲ್ಲಿ ಅವರಿಗೆ ಸ್ಮಾರಕಸ್ತಂಭ ಎದ್ದಿತು.

ನೆಪೋಲಿಯನ್ನನ ಯುದ್ಧಕಾಲದಲ್ಲಿ ಪೋರ್ಟ್ಸ್‌ಮತ್, ಪ್ಲಿಮತ್, ಚಾಟಮ್ ಬಂದರುಗಳ ಹಲ್ಕ್‌ಗಳಲ್ಲಿ ಫ್ರೆಂಚ್ ಯುದ್ಧಕೈದಿಗಳು ತುಂಬಿದರು. ಊಟದಲ್ಲಿ ಉಳಿದ ಮೂಳೆಯನ್ನೇ ಕೆತ್ತಿ ಹಡಗಿನ ಮಾದರಿಗಳನ್ನು ಮಾಡಿ ಮಾರುತ್ತಿದ್ದರು. ಅವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಆ ಕೈದಿಗಳಲ್ಲೊಬ್ಬನಾಗಿ ಸುಮಾರು ಎಂಟು ವರ್ಷ ಸೆರೆಯಲ್ಲಿದ್ದ ಲೂಯಿ ಗಾರ್ನರೆ ಈ ಹಡಗುಗಳ ಚಿತ್ರಗಳನ್ನು ಬರೆದ, ಮುಂದೆ ಅನುಭವ ಕಥನವನ್ನೂ ಬರೆದ.

ಹೆಸರಾಂತ ಹಡಗುಗಳಿಗೂ ಇದೇ ಗತಿಯಾಯಿತು. 1815ರಲ್ಲಿ ನೆಪೋಲಿಯನ್ ಶರಣಾದ ಬೆಲರೊಫನ್ ಸೆರೆಹಡಗಾಯಿತು. 1824ರಲ್ಲಿ ಅದಕ್ಕೆ ಸೆರೆವಾಸ ಎಂಬರ್ಥದ ಹೊಸ ಹೆಸರನ್ನೇ ಇಟ್ಟರು. ಜಾರ್ಜ್ ವ್ಯಾಂಕೂವರ್ ಲೋಕ ಸುತ್ತಿದ್ದ ಡಿಸ್ಕವರಿ ಡೆಪ್ಟ್‌ಫರ್ಡಿನಲ್ಲಿ ಕೈದಿಗಳ ಪಾಲಾಯಿತು. ಟ್ರಫಾಲ್ಗರ್ ಕದನದಲ್ಲಿದ್ದ ಯೂರಿಯಲಸ್ ಎಂಬ ಫ್ರಿಗೇಟನ್ನು 1825ರಿಂದ ಚಾಟಮ್‌ನಲ್ಲಿ ಬಾಲಾಪರಾಧಿಗಳಿಗೆ ಮೀಸಲಿಟ್ಟರು. ಇಕ್ಕಟ್ಟಾದ ಆ ಒಡಲಲ್ಲಿ ನೂರಾರು ಹುಡುಗರು ದಿನವಿಡೀ ಕೂತು ಕೈದಿಗಳ ಬಟ್ಟೆ ಹೊಲಿಯುತ್ತಿದ್ದರು. ಬಲಿಷ್ಠ ಹುಡುಗರು ಚಿಕ್ಕವರ ಅನ್ನ ಕಿತ್ತುಕೊಳ್ಳುತ್ತಿದ್ದರು. ಆಸ್ಪತ್ರೆ ಸೇರಿದರಾದರೂ ತಪ್ಪಿಸಿಕೊಳ್ಳಬಹುದೆಂದು ಕೆಲವರು ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದರು. 1843ರವರೆಗೆ ಇದು ನಡೆಯಿತು. ಹಲ್ಕ್ ಪದ್ಧತಿಯ ಮೇಲಿನ ಎಲ್ಲ ಆರೋಪಗಳಲ್ಲಿ ಉತ್ತರವೇ ಇಲ್ಲದ ಆರೋಪ ಇದು.

1824ರಿಂದ ಬರ್ಮುಡಾದ ನೌಕಾನೆಲೆ ಕಟ್ಟಲು ಹಲ್ಕ್‌ಗಳಲ್ಲಿ ಕೈದಿಗಳನ್ನಿಟ್ಟು ಸುಣ್ಣಕಲ್ಲು ಒಡೆಸಿದರು. ಅಲ್ಲಿದ್ದ ಡ್ರಾಮಡರಿ ನಮ್ಮ ಪಶ್ಚಿಮ ಕರಾವಳಿಯ ಹಡಗು. 1799ರಲ್ಲಿ ಮುಂಬಯಿಯಲ್ಲಿ ಕೈಖುಸ್ರೂ ಎಂಬ ವಾಣಿಜ್ಯ ಹಡಗಾಗಿ ಹುಟ್ಟಿ, ಬ್ರಿಟಿಷ್ ನೌಕಾಪಡೆಗೆ ಮಾರಾಟವಾಗಿ ಹೆಸರು ಬದಲಿಸಿಕೊಂಡಿತ್ತು. ಆಸ್ಟ್ರೇಲಿಯದ ಮೆಲ್ಬರ್ನ್ ಬಳಿ ಚಿನ್ನದ ಬೇಟೆಯ 1850ರ ದಶಕದಲ್ಲಿ ಹಲ್ಕ್‌ಗಳು ನಿಂತವು. ಅಲ್ಲಿನ ಸೆರೆಮನೆಗಳ ಮುಖ್ಯಾಧಿಕಾರಿ ಜಾನ್ ಪ್ರೈಸ್‌ನನ್ನು 1857ರಲ್ಲಿ ಕೈದಿಗಳು ಹೊಡೆದು ಕೊಂದರು.

ಇಂಗ್ಲೆಂಡಿನಲ್ಲಿ 1847ರ ವಿಚಾರಣೆ ವುಲ್ವಿಚ್‌ನ ಹಲ್ಕ್‌ಗಳ ಕೊಳಕನ್ನೂ ರೋಗಿಗಳ ದುಃಸ್ಥಿತಿಯನ್ನೂ ಬಯಲಿಗೆಳೆಯಿತು. 1857ರ ಜುಲೈನಲ್ಲಿ ಅಲ್ಲಿ ಉಳಿದಿದ್ದ ಡಿಫೆನ್ಸ್ ಬೆಂಕಿಗೆ ಆಹುತಿಯಾದಾಗ ಸ್ವದೇಶದಲ್ಲಿ ಪದ್ಧತಿ ಕೊನೆಗೊಂಡಿತು. ಬರ್ಮುಡಾದಲ್ಲಿ ಅದು 1863ರವರೆಗೆ ಉಳಿಯಿತು.

ಆದರೂ ಇಕ್ಕಟ್ಟಿನ ಕಾಲದಲ್ಲಿ ಸರ್ಕಾರಗಳ ಕಣ್ಣು ಮತ್ತೆ ನೀರಿನತ್ತ ಹೊರಳಿದೆ. 1922ರಲ್ಲಿ ಉತ್ತರ ಐರ್ಲೆಂಡ್ ವಿಚಾರಣೆಯಿಲ್ಲದೆ ಬಂಧಿಸಿದವರನ್ನು ಅರ್ಜೆಂಟಾ ಹಡಗಿನಲ್ಲಿಟ್ಟಿತು. 1971ರಲ್ಲಿ ಅದೇ ಕೆಲಸಕ್ಕೆ ಬೆಲ್‌ಫಾಸ್ಟ್ ಬಂದರಿನಲ್ಲಿ ಮೇಡ್‌ಸ್ಟೋನ್ ಎಂಬ ಹಳೆಯ ನೌಕೆ ಬಂತು. 1972ರ ಜನವರಿಯ ಒಂದು ಸಂಜೆ ಏಳು ಮಂದಿ ಕಿಟಕಿಯ ಸರಳು ಕೊಯ್ದು, ಮೈಗೆ ಬೆಣ್ಣೆ ಬಳಿದುಕೊಂಡು, ಹಿಮದಂಥ ನೀರಿನಲ್ಲಿ ಈಜಿ ದಡ ಸೇರಿದರು. ಅದೇ ವರ್ಷ ಹಡಗಿನಲ್ಲಿದ್ದ ಬಂಧಿಗಳನ್ನೆಲ್ಲ ಹೊರಗೆ ಸಾಗಿಸಲಾಯಿತು.